ಅಕ್ಕ ಮುಂದೆ, ತಮ್ಮ ಹಿಂದೆ: ಮಳೆಗಾಲದ ಅಂಗಳದಲ್ಲಿ ಪುಟ್ಟ ಮಕ್ಕಳ ಕಲಿಕೆ

ಗಂಗಾವತಿಯ ತಾಯಿ

ಎಲ್ಲರಿಗೂ ನಮಸ್ಕಾರ. ಎರಡನೆಯ ಮಗುವಿನ ಬೆಳವಣಿಗೆಯನ್ನು ಮೊದಲ ಮಗುವಿನ ತಿಂಗಳುಗಳಿಂದ ಅಳೆಯುವ ರೂಢಿಯ ಬಗ್ಗೆ ಇಲ್ಲಿರುವ ಹಿರಿಯರ ಮತ್ತು ತಂದೆತಾಯಂದಿರ ಅಭಿಪ್ರಾಯ ಕೇಳಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನಗೆ ನಾಲ್ಕೂವರೆ ವರ್ಷದ ಮಗಳೂ ಹದಿನಾಲ್ಕು ತಿಂಗಳ ಮಗನೂ ಇದ್ದಾರೆ. ಮಗಳು ವರ್ಷ ತುಂಬುವ ಮುಂಚೆಯೇ ನಡೆದಳು. ಮಗ ಅಂಬೆಗಾಲಿಡಲೇ ಇಲ್ಲ. ಕುಳಿತಲ್ಲಿಂದಲೇ ಕೈ ಊರಿ ಜರುಗುತ್ತಾನೆ, ಈಚೆಗೆ ಗೋಡೆ ಹಿಡಿದು ನಿಲ್ಲುತ್ತಾನೆ. ಮನೆಗೆ ಬಂದವರೆಲ್ಲ ಅಕ್ಕನ ಲೆಕ್ಕವನ್ನು ತಮ್ಮನಿಗೆ ಹಚ್ಚಿ, "ಅಕಿ ಇಷ್ಟೊತ್ತಿಗೆ ಓಣಿ ತುಂಬ ಓಡಾಡ್ತಿದ್ಲು" ಎಂದು ಹೇಳಿ ಹೋಗುತ್ತಾರೆ. ಅವರ ಮಾತಿನಲ್ಲಿ ಕೆಟ್ಟ ಉದ್ದೇಶ ಇಲ್ಲವೆಂದು ನನಗೆ ಗೊತ್ತು. ಆದರೂ ಆ ಲೆಕ್ಕದಲ್ಲಿ ಸೇರದ ಎಷ್ಟೋ ಸಂಗತಿಗಳು ನನ್ನ ಕಣ್ಣೆದುರು ನಡೆಯುತ್ತಿವೆ.

ಈ ಸಲ ಮೃಗಶಿರಾ ಮಳೆ ಬಿದ್ದ ಮರುದಿನ ನಮ್ಮ ಮನೆಯ ಹಿಂದಿನ ಮಸಾರಿ (ಕೆಂಪು ಮಣ್ಣಿನ) ನೆಲದ ಮೇಲೆ ಕೆಂಪು ಮಖಮಲಿನಂಥ ಹುಳುಗಳು ಎದ್ದಿದ್ದವು. ಮಗಳು ಒಂದನ್ನು ಬೇವಿನ ಎಲೆಯ ಮೇಲೆ ಹತ್ತಿಸಿಕೊಂಡು ತಮ್ಮನ ಮುಂದೆ ಹಿಡಿದಳು. ಎಲೆ ಅಲುಗಿದ ಕೂಡಲೇ ಹುಳು ಕಾಲುಗಳನ್ನೆಲ್ಲ ಒಳಗೆಳೆದುಕೊಂಡು ಸುಮ್ಮನಾಯಿತು. ಕಂಡದ್ದನ್ನೆಲ್ಲ ಇಡೀ ಅಂಗೈಯಿಂದ ಬಾಚಿಕೊಳ್ಳುವ ಮಗ ಅಂದು ತೋರುಬೆರಳೊಂದನ್ನೇ ಚಾಚಿದ. ಹುಳುವಿಗೆ ಬೆರಳು ತಾಗುವ ಮುಂಚೆಯೇ ತಡೆದು, ಮೊದಲು ಹುಳುವನ್ನು, ಆಮೇಲೆ ಅಕ್ಕನ ಮುಖವನ್ನು, ಮತ್ತೆ ಹುಳುವನ್ನು ನೋಡಿದ. "ತಡಿ, ಅದಕ್ಕ ಹೆದ್ರಿಕಿ ಆಗೈತಿ, ಈಗ ಕಾಲು ತಗೀತೈತಿ" ಎಂದು ಅವಳು ಹೇಳಿದಳು. ಇಬ್ಬರೂ ಕಾದರು. ಹುಳು ಕಾಲು ಬಿಚ್ಚಿ ಎಲೆಯ ಅಂಚಿಗೆ ನಡೆಯಿತು. ಅಷ್ಟು ಹೊತ್ತು ಅವನು ಒಂದೇ ವಸ್ತುವಿನ ಮೇಲೆ ದೃಷ್ಟಿ ಇಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನನ್ನ ಪ್ರಶ್ನೆಗಳು ಎರಡು. ನಡಿಗೆಯ ವಿಷಯದಲ್ಲಿ ನಾನು ಎಷ್ಟರ ಮಟ್ಟಿಗೆ ಕಾಯಬಹುದು? ಹೊರಗಿನ ಆಟದಲ್ಲಿ ದೊಡ್ಡ ಮಗು ಚಿಕ್ಕದನ್ನು ಎಷ್ಟು ದೂರ ಕರೆದೊಯ್ಯಲು ಬಿಡಬೇಕು?

ರಾಯಚೂರಿನ ಮಕ್ಕಳ ವೈದ್ಯ

ಗಂಗಾವತಿಯ ತಾಯಿಯವರಿಗೆ ನಮಸ್ಕಾರ. ಮಗುವನ್ನು ನೋಡದೆ ರೋಗನಿರ್ಣಯ ಮಾಡಲಾಗದು, ಆದ್ದರಿಂದ ಸಾಮಾನ್ಯ ವಿಷಯವನ್ನಷ್ಟೇ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಓಮನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾರ ಆಸರೆಯೂ ಇಲ್ಲದೆ ನಡೆಯುವ ಸಾಮರ್ಥ್ಯ 8.2 ತಿಂಗಳಿನಿಂದ 17.6 ತಿಂಗಳಿನೊಳಗೆ ಯಾವಾಗ ಬೇಕಾದರೂ ಬರಬಹುದು. ಒಂದೇ ಮನೆಯಲ್ಲಿ ಒಂದು ಮಗು ಹತ್ತನೆಯ ತಿಂಗಳಿಗೂ ಇನ್ನೊಂದು ಹದಿನಾರನೆಯ ತಿಂಗಳಿಗೂ ನಡೆದರೆ ಎರಡೂ ಸಹಜವೇ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಕೈ ಮತ್ತು ಮಂಡಿಯೂರಿ ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದರು. ಕುಳಿತು ಜರುಗುವ ಮಕ್ಕಳು ಕೊಂಚ ತಡವಾಗಿ ನಡೆಯುವುದು ನಮ್ಮ ಹೊರರೋಗಿ ವಿಭಾಗದಲ್ಲಿ ಮೇಲಿಂದ ಮೇಲೆ ಕಾಣುವ ಸಂಗತಿ.

ಹದಿನೆಂಟು ತಿಂಗಳು ತುಂಬಿದರೂ ನಡೆಯದಿದ್ದರೆ ಅವಶ್ಯವಾಗಿ ತೋರಿಸಬೇಕು. ಅದಕ್ಕಿಂತ ಮುಂಚೆಯೇ ತೋರಿಸಬೇಕಾದ ಲಕ್ಷಣಗಳೂ ಇವೆ: ಮೈ ತೀರ ಬಿಗಿಯಾಗಿರುವುದು ಅಥವಾ ತೀರ ಜೋಲಾಗಿರುವುದು, ಒಂದು ಬದಿಯ ಕೈಕಾಲನ್ನೇ ಬಳಸುವುದು, ಹೆಸರಿಟ್ಟು ಕರೆದರೆ ತಿರುಗದಿರುವುದು, ಒಮ್ಮೆ ಬಂದಿದ್ದ ವಿದ್ಯೆ ಮರೆತು ಹೋಗುವುದು. ನಿಮ್ಮ ಮಗ ಜರುಗುವಾಗ ಪ್ರತಿ ಸಲ ಅದೇ ಕೈಯನ್ನು ಊರುತ್ತಾನೆಯೇ, ಅಥವಾ ಎರಡನ್ನೂ ಬಳಸುತ್ತಾನೆಯೇ ಎಂಬುದನ್ನು ಗಮನಿಸಿ ತಿಳಿಸಿ.

ನೀವು ವರ್ಣಿಸಿದ ಹುಳುವಿನ ಪ್ರಸಂಗ ನನಗೆ ನಡಿಗೆಗಿಂತ ಮುಖ್ಯವಾಗಿ ಕಾಣುತ್ತದೆ. ಬೆರಳು ಚಾಚಿ ತೋರಿಸುವುದು, ತಾನು ನೋಡಿದ್ದನ್ನು ಇನ್ನೊಬ್ಬರೂ ನೋಡುತ್ತಿದ್ದಾರೆಯೇ ಎಂದು ಅವರ ಮುಖ ನೋಡುವುದು, ಮಾತು ಮತ್ತು ಸಾಮಾಜಿಕ ತಿಳಿವಳಿಕೆಗೆ ಬುನಾದಿಯಾದ ನಡವಳಿಕೆ. ಅದು ಬಂದಿದೆ ಎಂದರೆ ಸಂತೋಷಪಡಿ. ಒಂದು ವಿನಂತಿ: ಬೇಗ ನಡೆಯಲೆಂದು ಚಕ್ರದ ವಾಕರ್ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳುವ ಅಪಾಯ ಮಾತ್ರ ಹೆಚ್ಚುತ್ತದೆ. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ.

ಕುಷ್ಟಗಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ

ಸಹೋದರಿಯವರೇ, ತಾಯಿ ಮತ್ತು ಮಗುವಿನ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡನ್ನು ಲಸಿಕೆಯ ದಿನ ಹೊರತೆಗೆದು ಮತ್ತೆ ಟ್ರಂಕಿನಲ್ಲಿಡುವವರೇ ಹೆಚ್ಚು. ಅದರಲ್ಲಿ ಮಗು ಯಾವ ವಯಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಚಿತ್ರಗಳ ಸಹಿತ ಕೊಟ್ಟಿದ್ದಾರೆ, ದಯವಿಟ್ಟು ತೆರೆದು ನೋಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಗುವನ್ನು ಅವರೇ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ಆ ದಿನ ಮಗುವನ್ನು ತಪ್ಪದೆ ಕರೆತನ್ನಿ. "ನಮ್ಮ ಕೂಸಿಗೆ ಏನಾಗೈತಿ, ಚಲೋನ ಐತಿ" ಎಂದು ಮನೆಯಲ್ಲೇ ಬಿಟ್ಟು ಬರುವವರಿಂದ ನಮಗೆ ಬಹಳ ಸಂಕಟವಾಗುತ್ತದೆ.

ನನ್ನ ಕೇಂದ್ರದಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೂರು ವರ್ಷ ತುಂಬದ ಮಕ್ಕಳಿಗೆ ಆಹಾರವನ್ನು ಮನೆಗೇ ಕೊಡುತ್ತೇವೆ, ಅವರು ಕೇಂದ್ರದಲ್ಲಿ ಕೂರಬೇಕಾಗಿಲ್ಲ. ಆದರೂ ಅಕ್ಕನನ್ನೋ ಅಣ್ಣನನ್ನೋ ಬಿಡಲು ಬಂದ ಅಜ್ಜಿಯ ಕೈ ಬಿಡಿಸಿಕೊಂಡು ಹೊಸ್ತಿಲ ಮೇಲೆ ಕುಳಿತುಬಿಡುವ ಚಿಕ್ಕವರು ಯಾವಾಗಲೂ ಇರುತ್ತಾರೆ. ಒಳಗೆ ಹಾಡು ಆರಂಭವಾದರೆ ಹೊಸ್ತಿಲ ಮೇಲೆ ಚಪ್ಪಾಳೆ ಬೀಳುತ್ತದೆ. ಊಟಕ್ಕೆ ಮುಂಚೆ ದೊಡ್ಡವರು ಸಾಲಾಗಿ ಕೈ ತೊಳೆಯಲು ಹೋದರೆ ಅವರೂ ಸಾಲಿನ ಕೊನೆಗೆ ನಿಂತು ಒಣ ಕೈಗಳನ್ನೇ ಉಜ್ಜಿಕೊಳ್ಳುತ್ತಾರೆ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಚೆಲ್ಲದೆ ಕುಡಿಯುವುದು, ಚಪ್ಪಲಿಯ ಎಡಬಲ ಗುರುತಿಸುವುದು, ಚಡ್ಡಿಯನ್ನು ತಾನೇ ಏರಿಸಿಕೊಳ್ಳುವುದು, ಇವನ್ನು ಯಾರೂ ಕೂರಿಸಿ ಕಲಿಸಿರುವುದಿಲ್ಲ. ನೋಡಿ ಕಲಿಯುವ ಈ ಅವಕಾಶ ಮೊದಲ ಮಗುವಿಗೆ ಸಿಕ್ಕಿರುವುದಿಲ್ಲವಾದ್ದರಿಂದ ಕೆಲವು ವಿಷಯಗಳಲ್ಲಿ ಎರಡನೆಯದು ಮುಂದಿರುತ್ತದೆ, ಕೆಲವು ವಿಷಯಗಳಲ್ಲಿ ಎಲ್ಲವನ್ನೂ ಅಕ್ಕನೇ ತಂದುಕೊಡುವುದರಿಂದ ಹಿಂದೆಯೂ ಉಳಿಯಬಹುದು.

ಸಿಂಧನೂರಿನ ಎರೆಹೊಲದ ರೈತ

ನಮ್ಮದು ಎರೆ ನೆಲ. ನನ್ನ ಇಬ್ಬರು ಮಕ್ಕಳು, ಐದು ವರ್ಷದ ಮಗ ಮತ್ತು ಮೂರು ವರ್ಷದ ಮಗಳು, ಈ ಮಣ್ಣಿನಿಂದ ಕಲಿತದ್ದನ್ನು ಹೇಳಬೇಕೆನಿಸಿತು. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುತ್ತದೆ. ದೊಡ್ಡವರ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳಿರುತ್ತವೆ. ಮಗ ಅದರೊಳಗೆ ಹರಳು ಹಾಕಿ ಕಿವಿ ಇಟ್ಟು ಕೇಳುತ್ತಿದ್ದ, ತಂಗಿಯೂ ಹಾಗೇ ಮಾಡುತ್ತಿದ್ದಳು. ಎರಡು ದೊಡ್ಡ ಮಳೆಯಾದ ಮೇಲೆ ಹೊಲಕ್ಕೆ ಹೋದಾಗ ಬಿರುಕುಗಳಿರಲಿಲ್ಲ. "ಯಪ್ಪಾ, ನಮ್ಮ ಹಳ್ಳು ಎಲ್ಲಿ ಹೋದ್ವು?" ಎಂದು ಮಗಳು ಕೇಳಿದಳು. ಅವಳಿಗೆ ಬಿರುಕು ಮುಚ್ಚಿದ್ದಕ್ಕಿಂತ ಹರಳುಗಳು ಕಾಣೆಯಾದದ್ದು ದೊಡ್ಡ ವಿಷಯ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹರಳು ಒಳಗೇ ಉಳಿದಿದೆ ಎಂದು ಹೇಳಿದೆ. ಮಗ ಅಷ್ಟಕ್ಕೆ ಒಪ್ಪದೆ ಒಂದು ಒಣ ಹೆಂಟೆಯನ್ನು ನೀರಿನ ಚರಿಗೆಯಲ್ಲಿ ಹಾಕಿ ಕರಗುವವರೆಗೆ ಕಾದ. ಕಣ್ಣಿಗೆ ಕಾಣದ್ದೂ ಇರುತ್ತದೆ ಎಂಬುದನ್ನು ಮೂರು ವರ್ಷದವಳು ಅಂದು ನಂಬಿದಳೋ ಇಲ್ಲವೋ ತಿಳಿಯದು. ಆ ಜಾಗವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾಳೆ.

ಇನ್ನು ಮಣ್ಣೆತ್ತಿನ ಅಮಾವಾಸ್ಯೆ. ಜ್ಯೇಷ್ಠದ ಅಮಾವಾಸ್ಯೆಗೆ ಪೇಟೆಯಲ್ಲಿ ಬಣ್ಣ ಹಚ್ಚಿದ ಎತ್ತುಗಳು ಜೋಡಿಗೆ ಇಷ್ಟು ಎಂದು ಸಿಗುತ್ತವೆ, ಆದರೆ ನಮ್ಮ ಮನೆಯಲ್ಲಿ ಮಕ್ಕಳೇ ಮಾಡಬೇಕೆಂಬುದು ನನ್ನ ಹಟ. ಕಳೆದ ವರ್ಷ ಮಗಳಿಗೆ ಮಣ್ಣನ್ನು ಅಂಗೈಗಳ ನಡುವೆ ಹೊಸೆಯುವುದಷ್ಟೇ ಬರುತ್ತಿತ್ತು. ಹೊಸೆದ ಬತ್ತಿಯೇ ಅವಳ ಎತ್ತು. ಈ ವರ್ಷ ಅದಕ್ಕೆ ನಾಲ್ಕು ಕಾಲು ಅಂಟಿಸಿದಳು. ನಿಲ್ಲಲಿಲ್ಲ. ಅಣ್ಣ ಅದನ್ನು ಕಸಿದುಕೊಂಡು ಸರಿ ಮಾಡದೆ, ತನ್ನದನ್ನು ಪಕ್ಕದಲ್ಲಿಟ್ಟು ಕಾಲುಗಳನ್ನು ಗಿಡ್ಡ ಮತ್ತು ದಪ್ಪ ಮಾಡಿ ತೋರಿಸಿದ. ಅವಳು ಹಾಗೆ ಮಾಡಿದಾಗ ಎತ್ತು ನಿಂತಿತು, ಹಿಣಿಲು ಇಲ್ಲ, ಕೊಂಬು ಒಂದೇ, ಆದರೂ ನಿಂತಿತು. ಕಣ್ಣಿಗೆ ನಮ್ಮಲ್ಲಿ ಗುಲಗಂಜಿ ಒತ್ತುವ ವಾಡಿಕೆ. ಎತ್ತುಗಳ ಮುಂದೆ ಗ್ವಾದಲಿ (ಮೇವಿನ ತೊಟ್ಟಿ) ಇಟ್ಟು, ಮೇವು ಹಾಕಿ, ಪೂಜೆಯಾದ ಮೇಲೆ ಹೋಳಿಗೆಯ ಎಡೆ. ದೊಡ್ಡವರು ದಯವಿಟ್ಟು ಮಕ್ಕಳ ಎತ್ತನ್ನು ತಿದ್ದಬಾರದು.

ಬಳ್ಳಾರಿ ನಗರದ ತಂದೆ

ಸಿಂಧನೂರಿನ ಅಣ್ಣನವರ ಬರಹ ಓದಿ ಸಂತೋಷವೂ ಸ್ವಲ್ಪ ನೋವೂ ಆಯಿತು. ನಾವು ಮೂರನೆಯ ಮಹಡಿಯಲ್ಲಿದ್ದೇವೆ. ಕೆಳಗೆ ರಸ್ತೆ, ಅದರಲ್ಲಿ ಹಗಲಿರುಳು ಲಾರಿ ಮತ್ತು ಧೂಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಎಂಟರ ನಂತರ ಸಂಜೆ ಐದರವರೆಗೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಐದು ವರ್ಷದ ಮಗ, ಎರಡೂವರೆ ವರ್ಷದ ಮಗಳು. ಅಂಗಳವಿಲ್ಲದ ಮನೆಯವರು ಏನು ಮಾಡಬೇಕು ಎಂಬುದು ನನ್ನ ಪ್ರಶ್ನೆ.

ಸದ್ಯ ನಾವು ನಂಬಿರುವುದು ಮಾಳಿಗೆಯನ್ನು. ಕಟಾಂಜನ ಎತ್ತರವಾಗಿದೆ, ನಮ್ಮಲ್ಲಿ ಒಬ್ಬರು ಜೊತೆಗಿರುತ್ತೇವೆ. ಬೆಲ್ಲದ ಚೂರನ್ನು ಇಟ್ಟು ಇರುವೆಗಳ ಸಾಲು ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಇಬ್ಬರಿಗೂ ಇಷ್ಟ. ಮಗ ಸಾಲಿನ ನಡುವೆ ಬೆರಳಿನಿಂದ ಗೆರೆ ಉಜ್ಜಿದರೆ ಇರುವೆಗಳು ಅಲ್ಲಿ ಗಲಿಬಿಲಿಗೊಂಡು ಸುತ್ತುತ್ತವೆ. ಅವು ನೆಲದ ಮೇಲೆ ಬಿಟ್ಟ ವಾಸನೆಯನ್ನು ಹಿಡಿದು ನಡೆಯುತ್ತವೆ, ನೀನು ಅದನ್ನು ಅಳಿಸಿದೆ ಎಂದು ಹೇಳಿದ ಮೇಲೆ ಅವನು ತಂಗಿಗೆ, "ಇದು ಅವುಗಳ ದಾರಿ, ಅಳಿಸಬ್ಯಾಡ" ಎಂದು ಕಾವಲು ಕೂತ.

ಇನ್ನೊಂದು ವಿಷಯ ನನಗೆ ಅಚ್ಚರಿ ತಂದಿದೆ. ಮಗ ಬಹಳ ದಿನ ತನ್ನನ್ನೇ "ನೀನು" ಎಂದುಕೊಳ್ಳುತ್ತಿದ್ದ. ಎತ್ತಿಕೋ ಎನ್ನಲು "ನಿನ್ನ ಎತ್ಕೊ" ಎನ್ನುತ್ತಿದ್ದ. ಮಗಳು ಆ ಗೊಂದಲಕ್ಕೆ ಸಿಲುಕಲೇ ಇಲ್ಲ. "ನಂದು, ನಿಂದಲ್ಲ" ಎಂಬುದು ಅವಳ ಮೊದಲ ಜೋಡಿ ಮಾತುಗಳಲ್ಲೊಂದು. ಇದು ಎಲ್ಲ ಮನೆಗಳಲ್ಲೂ ಹೀಗೆಯೇ?

ಮಸ್ಕಿಯ ನಿವೃತ್ತ ಶಿಕ್ಷಕಿ

ಬಳ್ಳಾರಿಯ ತಮ್ಮನವರಿಗೆ ಮೊದಲು ಉತ್ತರಿಸುತ್ತೇನೆ. ಮೊದಲ ಮಗುವಿಗೆ ಮನೆಯವರು "ನೀನು" ಎಂದು ಹೇಳುವುದು ಹೆಚ್ಚಾಗಿ ಅದಕ್ಕೊಂದಕ್ಕೇ ಆದ್ದರಿಂದ ಅದು ತನ್ನ ಹೆಸರೆಂದೇ ಭಾವಿಸುವುದು ಸಹಜ. ಎರಡನೆಯ ಮಗು ತಾಯಿ ಅಣ್ಣನಿಗೆ "ನೀನು" ಎನ್ನುವುದನ್ನೂ ಅಣ್ಣ ತಾಯಿಗೆ "ನೀನು" ಎನ್ನುವುದನ್ನೂ ದಿನವಿಡೀ ಕೇಳುತ್ತದೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಟ್ಟಾರೆ ಮಾತಿನ ಬೆಳವಣಿಗೆಯಲ್ಲಿ ವ್ಯತ್ಯಾಸವಿರದಿದ್ದರೂ ಇಂಥ ಸರ್ವನಾಮಗಳ ಬಳಕೆಯಲ್ಲಿ ಎರಡನೆಯ ಮಕ್ಕಳು ಮುಂದಿದ್ದರು. ದೊಡ್ಡ ಮಗುವೂ ಕಲಿಯುತ್ತಿರುತ್ತದೆ. ನಾಲ್ಕು ವರ್ಷದ ಮಕ್ಕಳು ಎರಡು ವರ್ಷದವರೊಡನೆ ಮಾತನಾಡುವಾಗ ತಾವಾಗಿಯೇ ಗಿಡ್ಡ, ಸರಳ ವಾಕ್ಯಗಳನ್ನು ಬಳಸುತ್ತಾರೆ ಎಂಬುದನ್ನು 1973ರಷ್ಟು ಹಿಂದೆಯೇ ಸಂಶೋಧಕರು ತೋರಿಸಿದ್ದರು. ಗಂಗಾವತಿಯ ಆ ಮಗು ಹುಳುವಿನ ಬಗ್ಗೆ ತಮ್ಮನಿಗೆ ಹೇಳಿದ ಮಾತನ್ನು ಮತ್ತೊಮ್ಮೆ ಓದಿ ನೋಡಿ.

ಈಗ ನನಗೆ ಬಹಳ ಮುಖ್ಯವೆನಿಸಿದ ವಿಷಯ. ದೊಡ್ಡ ಮಗು ಚಿಕ್ಕದಕ್ಕೆ ಜೊತೆಗಾರ ಎಂಬುದನ್ನು ನಾನು ಸಂಪೂರ್ಣ ಒಪ್ಪುತ್ತೇನೆ. ಪಾಲಕ ಎಂಬುದನ್ನು ಒಪ್ಪುವುದಿಲ್ಲ. ನಮ್ಮ ಭಾಗದಲ್ಲಿ ಈ ಎರಡರ ನಡುವಿನ ಗೆರೆ ಅಳಿಸಿಹೋಗಿದೆ, ಅದರ ಭಾರ ಬೀಳುವುದು ಹೆಣ್ಣುಮಕ್ಕಳ ಮೇಲೆ. ಹತ್ತಿ ಬಿಡಿಸುವ ಕಾಲ ಬಂದರೆ, ಭತ್ತದ ನಾಟಿ ಬಂದರೆ, ಆರೇಳು ವರ್ಷದ ಹುಡುಗಿ ತಮ್ಮನನ್ನು ಕಂಕುಳಲ್ಲಿ ಹೊತ್ತು ಬದುವಿನ ಮೇಲೆ ಕೂರುತ್ತಾಳೆ. ಬೆಂಗಳೂರಿನ ಕಡೆಗೆ ಗುಳೆ ಹೋದ ಕುಟುಂಬಗಳಲ್ಲಿ, ಕಟ್ಟಡದ ಕೆಲಸದ ಜಾಗದಲ್ಲಿ, ಇನ್ನೂ ಚಿಕ್ಕವಳಿಗೇ ಆ ಕೆಲಸ ಬರುತ್ತದೆ. ನನ್ನ ತರಗತಿಯಲ್ಲಿ ಹಾಜರಿ ಕೂಗುವಾಗ "ಅಕಿ ತಮ್ಮನ್ನ ನೋಡ್ಕೊಳ್ಳಾಕ ಉಳದಾಳ್ರಿ" ಎಂಬ ಉತ್ತರವನ್ನು ನಾನು ಸೇವೆಯ ಉದ್ದಕ್ಕೂ ಕೇಳಿದ್ದೇನೆ. ತಾಯಂದಿರನ್ನು ದೂರುತ್ತಿಲ್ಲ, ಅವರಿಗೆ ಬೇರೆ ದಾರಿ ಇರುವುದಿಲ್ಲ. ಆದರೆ ದಾರಿ ಇರುವ ನಾವೂ ಅದನ್ನೇ ಪದ್ಧತಿ ಎಂದುಕೊಂಡಿದ್ದೇವೆ. ತಮ್ಮ ಬಿದ್ದರೆ ಅಕ್ಕನಿಗೆ ಬೈಗುಳ. ನಾಲ್ಕೂವರೆ ವರ್ಷದ ಮಗುವಿಗೆ ಹುಳುವನ್ನು ತೋರಿಸುವ ಪ್ರೀತಿ ಇರುತ್ತದೆ, ಕಾಲುವೆಯ ಆಳವನ್ನು ಅಂದಾಜು ಮಾಡುವ ಬುದ್ಧಿ ಇರುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ವಾಸಿಸುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈಗ ಹೊಲಗಳಲ್ಲಿ ಕೃಷಿ ಹೊಂಡಗಳೂ ಬಂದಿವೆ. ಅವು ರೈತನಿಗೆ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರಿನಲ್ಲಿ ಜಾರಿದರೆ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ. ಸುತ್ತ ಬೇಲಿ ಇರಲೇಬೇಕು, ಹಿಡಿದು ಹತ್ತಲು ಗಂಟು ಹಾಕಿದ ಹಗ್ಗವೊಂದನ್ನು ದಡದ ಗೂಟಕ್ಕೆ ಕಟ್ಟಿ ಇಳಿಬಿಟ್ಟಿರಬೇಕು.

ಸಿಂಧನೂರಿನ ಎರೆಹೊಲದ ರೈತ

ಟೀಚರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ಬೇಲಿ ಜಾಲಿಮುಳ್ಳಿನದಾದರೆ ವರ್ಷದಲ್ಲಿ ಕುಸಿಯುತ್ತದೆ, ಕಲ್ಲುಕಂಬ ನೆಟ್ಟು ತಂತಿ ಎಳೆಸುವುದೇ ಒಳ್ಳೆಯದು.

ಗಂಗಾವತಿಯ ತಾಯಿ

ಎಲ್ಲರಿಗೂ ಧನ್ಯವಾದಗಳು. ವೈದ್ಯರು ಕೇಳಿದ ಪ್ರಶ್ನೆಗೆ ಉತ್ತರ: ಈ ವಾರ ಗಮನವಿಟ್ಟು ನೋಡಿದೆ, ಅವನು ಎರಡೂ ಕೈಗಳನ್ನು ಊರುತ್ತಾನೆ, ಬಲಗೈಯಲ್ಲಿ ಆಟಿಕೆ ಇದ್ದರೆ ಎಡಗೈ, ಎಡಗೈಯಲ್ಲಿದ್ದರೆ ಬಲಗೈ. ಮಸ್ಕಿಯ ಅಮ್ಮನವರ ಮಾತು ನನ್ನ ಎರಡನೆಯ ಪ್ರಶ್ನೆಯನ್ನೇ ಬದಲಿಸಿತು. ಅಕ್ಕ ಎಷ್ಟು ದೂರ ಕರೆದೊಯ್ಯಬಹುದು ಎಂಬುದಕ್ಕಿಂತ, ಅವರಿಬ್ಬರು ಹೋದಲ್ಲಿ ನಾನು ಎಷ್ಟು ಹತ್ತಿರದಲ್ಲಿರಬೇಕು ಎಂದು ಕೇಳಬೇಕಿತ್ತೆನಿಸುತ್ತದೆ. ಹತ್ತಿರವಿದ್ದೂ ಅವರ ಆಟದ ನಡುವೆ ಬಾಯಿ ಹಾಕದಿರುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕು. ಮತ್ತೊಂದು ಆತಂಕವಿದೆ. ಮಗ ಮಸಾರಿ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಳ್ಳುತ್ತಾನೆ.

ರಾಯಚೂರಿನ ಮಕ್ಕಳ ವೈದ್ಯ

ಎರಡೂ ಕೈ ಬಳಸುತ್ತಿರುವುದು ಒಳ್ಳೆಯ ಸಂಗತಿ. ಗೋಡೆ ಹಿಡಿದು ನಿಲ್ಲುವ ಮಗುವಿಗೆ ಬರಿಗಾಲಿನಲ್ಲಿ ಗಟ್ಟಿ ನೆಲದ ಮೇಲೆ ನಿಲ್ಲುವ ಅವಕಾಶ ಕೊಡಿ, ಅವನ ಎತ್ತರದ ಕಟ್ಟೆಯ ಉದ್ದಕ್ಕೂ ಇಷ್ಟವಾದ ವಸ್ತುಗಳನ್ನು ಸ್ವಲ್ಪ ಸ್ವಲ್ಪ ದೂರಕ್ಕೆ ಇಡಿ. ಹದಿನೆಂಟು ತಿಂಗಳಿನ ಗಡಿಯನ್ನು ಮಾತ್ರ ಮರೆಯಬೇಡಿ.

ಚಿಟಿಕೆಯಲ್ಲಿ ಹಿಡಿಯುವುದು ಬೆರಳುಗಳ ದೃಷ್ಟಿಯಿಂದ ಪ್ರಗತಿಯೇ. ಈ ವಯಸ್ಸಿನ ಮಗು ಏನು ಸಿಕ್ಕರೂ ರುಚಿ ನೋಡುತ್ತದೆ, ಅದು ಸಹಜ. ಆದರೆ ಹುಡುಕಿಕೊಂಡು ಹೋಗಿ ಪದೇ ಪದೇ ಮಣ್ಣು, ಗೋಡೆಯ ಸುಣ್ಣ ತಿನ್ನುತ್ತಿದ್ದರೆ ರಕ್ತಹೀನತೆ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಜಂತುಹುಳುವಿನ ಮಾತ್ರೆಯನ್ನು ವರ್ಷಕ್ಕೆ ಎರಡು ಬಾರಿ, ಸಾಮಾನ್ಯವಾಗಿ ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ, ಅಂಗನವಾಡಿಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಒಂದರಿಂದ ಎರಡು ವರ್ಷದ ಮಗುವಿಗೆ 400 ಮಿಲಿಗ್ರಾಂ ಮಾತ್ರೆಯ ಅರ್ಧವನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು, ಎರಡು ವರ್ಷ ದಾಟಿದವರಿಗೆ ಪೂರ್ತಿ ಮಾತ್ರೆ. ಬಯಲಿಗೆ ಹೋಗುವ ಜಾಗದ ತೇವದ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ, ಅವು ಬರಿಗಾಲಿನ ಚರ್ಮದ ಮೂಲಕವೇ ಒಳಸೇರುತ್ತವೆ. ಅಂಗಳದಲ್ಲಿ ಬರಿಗಾಲು ಸರಿ, ಅಂಥ ಕಡೆ ಚಪ್ಪಲಿ ಬೇಕು.

ನೀರಿನ ಬಳಿ ದೊಡ್ಡವರು ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು. ಮುಳುಗುವ ಮಗು ಕೂಗುವುದಿಲ್ಲ, ಕೈ ಬಡಿಯುವುದೂ ಅಪರೂಪ. ಬಚ್ಚಲಿನ ಬಕೆಟ್ಟಿನಲ್ಲಿ ಒಂದು ಗೇಣು ನೀರಿದ್ದರೂ ಒಂದು ವರ್ಷದ ಮಗುವಿಗೆ ಅದು ಅಪಾಯವೇ.

ಬಳ್ಳಾರಿಯ ತಂದೆಯವರಿಗೆ: ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 180 ನಿಮಿಷಗಳ ಓಡಾಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದು ಒಂದೇ ಹೊತ್ತಿಗೆ ಆಗಬೇಕಿಲ್ಲ; ಬೆಳಗಿನ ಮಾಳಿಗೆ, ಸಂಜೆಯ ಉದ್ಯಾನ, ಮೆಟ್ಟಿಲು ಹತ್ತುವುದು ಎಲ್ಲವೂ ಸೇರುತ್ತದೆ. ಮೊಬೈಲು, ಟಿ.ವಿ. ಎರಡು ವರ್ಷದೊಳಗೆ ಬೇಡವೇ ಬೇಡ, ಆಮೇಲೆಯೂ ಒಂದು ಗಂಟೆ ಮೀರಬಾರದು.

ಆನೆಗೊಂದಿ ಬಳಿಯ ತಾಯಿ

ಹತ್ತಿರವಿದ್ದೂ ಬಾಯಿ ಹಾಕದಿರುವ ಬಗ್ಗೆ ಕೇಳಿದ್ದೀರಿ. ಅಕ್ಕಾ, ನಾನು ಕೈಗೆ ಕೆಲಸ ಇಟ್ಟುಕೊಂಡು ಕೂರುತ್ತೇನೆ. ಅಕ್ಕಿ ಆರಿಸುವುದೋ ಸೊಪ್ಪು ಬಿಡಿಸುವುದೋ ಇದ್ದರೆ ಕಣ್ಣು ಮಕ್ಕಳ ಮೇಲಿರುತ್ತದೆ, ಮಾತು ನಿಲ್ಲುತ್ತದೆ.

ನಮ್ಮ ಊರಿನ ಗುಡಿಯ ಕಟ್ಟೆಯ ಸೂರಿನ ಕೆಳಗೆ, ಮಳೆ ತಾಗದ ಪುಡಿಮಣ್ಣಿನಲ್ಲಿ, ಆಲಿಕೆಯಾಕಾರದ ಚಿಕ್ಕ ಗುಂಡಿಗಳಿರುತ್ತವೆ. ಅವುಗಳ ತಳದಲ್ಲಿ ಮಣ್ಣಿನಡಿ ಒಂದು ಹುಳು ಇರುವೆಗಾಗಿ ಕಾಯುತ್ತಿರುತ್ತದೆ. ನನ್ನ ಇಬ್ಬರು ಗಂಡುಮಕ್ಕಳು ಅಲ್ಲಿ ಹೊಟ್ಟೆಯ ಮೇಲೆ ಮಲಗಿ ಹುಲ್ಲಿನ ಎಸಳಿನಿಂದ ಗುಂಡಿಯ ಅಂಚನ್ನು ಕೆದಕುತ್ತಾರೆ. ಕೆಳಗಿನಿಂದ ಹುಳು ಮಣ್ಣು ಚಿಮ್ಮಿಸುತ್ತದೆ. ಒಂದು ದಿನ ದೊಡ್ಡವನು ಅದನ್ನು ಅಂಗೈಗೆ ಎತ್ತಿಕೊಂಡಾಗ ಅದು ಹಿಮ್ಮುಖವಾಗಿ ನಡೆಯಿತು; ಚಿಕ್ಕವನು ಅದನ್ನು ನೋಡಿ ತಾನೂ ಕಟ್ಟೆಯ ಉದ್ದಕ್ಕೂ ಹಿಂದೆ ಹಿಂದೆ ಹೆಜ್ಜೆ ಇಟ್ಟ. ಎರಡು ವರ್ಷದ ಮಗು ಹಿಮ್ಮುಖವಾಗಿ ನಡೆದದ್ದು ಅದೇ ಮೊದಲು. ದೊಡ್ಡದಾದ ಮೇಲೆ ಈ ಹುಳುವಿಗೆ ರೆಕ್ಕೆ ಬಂದು, ಏರೋಪ್ಲೇನ್ ಚಿಟ್ಟೆಯಂತೆ ಕಾಣುವ ಕೀಟವಾಗುತ್ತದೆ ಎಂದು ಹೇಳಿದರೆ ಇಬ್ಬರೂ ನಂಬಲಿಲ್ಲ.

ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೀಜಗಗಳು ಈಗ ಗೂಡು ಕಟ್ಟುತ್ತಿವೆ. ಗಂಡು ಹಕ್ಕಿ ಅರ್ಧ ಕಟ್ಟಿದ ಮೇಲೆ ಹೆಣ್ಣು ಬಂದು ನೋಡಿ, ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಇದನ್ನು ನಾವು ದೂರದ ಬಂಡೆಯ ಮೇಲೆ ಕುಳಿತೇ ನೋಡುವುದು, ಬಾವಿಯ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ. ನಮ್ಮ ಬಂಡೆಗಳ ನಾಡಿನಲ್ಲಿ ಮಕ್ಕಳಿಗೆ ಮೊದಲು ಕಲಿಸುವ ನಿಯಮವೆಂದರೆ ಕಲ್ಲನ್ನು ಎತ್ತಿ ಕೆಳಗೆ ಕೈ ಹಾಕಬಾರದು ಎಂಬುದು, ಏಕೆಂದರೆ ಕಲ್ಲಿನಡಿ ಚೇಳು ಇರುತ್ತದೆ. ಚಿಕ್ಕ ಮಕ್ಕಳಿಗೆ ಚೇಳು ಕಡಿದರೆ ಮಂತ್ರ, ಮದ್ದು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಸಿಂಧನೂರಿನ ಅಣ್ಣನವರಲ್ಲಿ ಒಂದು ಪ್ರಾರ್ಥನೆ. ಎತ್ತಿನ ಕಣ್ಣಿಗೆ ಗುಲಗಂಜಿ ಬೇಡ. ನೋಡಲು ಚೆಂದ, ಆದರೆ ಮಗು ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಔಡಲದ ಬೀಜ, ಕಣಗಿಲೆ, ಉಮ್ಮತ್ತಿಯ ಕಾಯಿ ಇವೂ ಹಾಗೆಯೇ. ಎಕ್ಕೆಯ ಹಾಲು ಕಣ್ಣಿಗೆ ಸಿಡಿದರೆ ಕೂಡಲೇ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು.

ಕುಷ್ಟಗಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ

ಗುಲಗಂಜಿಯ ಬಗ್ಗೆ ತಂಗಿ ಹೇಳಿದ್ದನ್ನು ನಮ್ಮ ತಾಯಂದಿರ ಸಭೆಯಲ್ಲಿಯೂ ಹೇಳುತ್ತೇನೆ. ಕೆಂಪು ಹುಳುವಿನ ಬಗ್ಗೆಯೂ ಒಂದು ಮಾತು. ಅದು ಕಚ್ಚುವುದಿಲ್ಲ. ಅದು ವರ್ಷದ ಬಹುಭಾಗ ನೆಲದೊಳಗಿದ್ದು ಮೊದಲ ಮಳೆಗಳಿಗೆ ಕೆಲವೇ ದಿನ ಮೇಲೆ ಬರುತ್ತದೆ, ಹಾಗಾಗಿ ಮಕ್ಕಳು ಕಡ್ಡಿಪೆಟ್ಟಿಗೆಯಲ್ಲಿ ತುಂಬಿಟ್ಟುಕೊಳ್ಳದಂತೆ ನೋಡಿಕೊಳ್ಳಿ. ಆಡಿದ ಜಾಗದಲ್ಲೇ ಬಿಟ್ಟುಬಿಡಲಿ. ಎಣಿಸಲು ಬರುವ ಮಕ್ಕಳಿಗೆ ಅದರ ಕಾಲುಗಳನ್ನು ಎಣಿಸಲು ಹೇಳಿ. ಇರುವೆಗೆ ಆರು, ಇದಕ್ಕೆ ಎಂಟು. ಇದು ಜೇಡದ ಬಳಗ.

ಬಳ್ಳಾರಿ ನಗರದ ತಂದೆ

ಮಕ್ಕಳೊಡನೆ ಮಣ್ಣೆತ್ತು ಮಾಡಬೇಕೆಂಬ ಆಸೆ ಬಂದಿದೆ. ಸಿಂಧನೂರಿನ ಅಣ್ಣನವರೇ, ಮಹಡಿಯ ಮನೆಯಲ್ಲಿ ಇದನ್ನು ಹೇಗೆ ಮಾಡುವುದು? ಮಣ್ಣು ಯಾವುದು ತರಬೇಕು?

ಸಿಂಧನೂರಿನ ಎರೆಹೊಲದ ರೈತ

ಆನೆಗೊಂದಿಯ ತಂಗಿಯ ಮಾತಿಗೆ ಒಪ್ಪಿಗೆ ಇದೆ. ನಮ್ಮ ಎತ್ತುಗಳಿಗೆ ಇನ್ನು ಮೇಲೆ ಬಿಳಿಜೋಳದ ಕಾಳೇ ಕಣ್ಣು. ತಮ್ಮಾ, ಗೊಬ್ಬರ, ಔಷಧಿ ಹೊಡೆದ ಹೊಲದ ಮಣ್ಣು ತರಬೇಡಿ. ಕೆರೆಯ ಅಂಗಳದ ಎರೆಮಣ್ಣು ಅಥವಾ ಕುಂಬಾರರ ಮನೆಯಲ್ಲಿ ಹದ ಮಾಡಿದ ಮಣ್ಣು ಒಳ್ಳೆಯದು, ಎರಡು ಮಕ್ಕಳಿಗೆ ಅರ್ಧ ಬುಟ್ಟಿ ಸಾಕು. ಒಣ ಮಣ್ಣಾದರೆ ಹೆಂಟೆ ಒಡೆದು, ಕಲ್ಲು, ಬೇರು ಆರಿಸಿ, ಜರಡಿ ಹಿಡಿದು, ರಾತ್ರಿ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿಡಿ. ಬೆಳಿಗ್ಗೆ ತುಳಿಯಬೇಕು, ಮಾಳಿಗೆಯ ಮೇಲೆ ಗೋಣಿಚೀಲ ಹಾಸಿ ಆ ಕೆಲಸವನ್ನು ಮಕ್ಕಳಿಗೇ ಬಿಡಿ, ಅವರಿಗೆ ಎತ್ತು ಮಾಡುವುದಕ್ಕಿಂತ ಇದೇ ಹೆಚ್ಚು ಇಷ್ಟವಾಗುತ್ತದೆ. ಬೆರಳಿಗೆ ಅಂಟದೆ, ಹೊಸೆದರೆ ಬಿರಿಯದೆ ಇದ್ದರೆ ಹದ ಬಂದಂತೆ. ಕಾಲು ಅಂಟಿಸುವ ಕಡೆ ಸ್ವಲ್ಪ ನೀರು ಹಚ್ಚಿ ಒತ್ತಲಿ, ಎತ್ತನ್ನು ನೆರಳಿನಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ನಿಮ್ಮ ಮಗಳು ಎರಡೂವರೆ ವರ್ಷದವಳು, ಕಾಳನ್ನು ಮೂಗಿಗೆ ಹಾಕಿಕೊಳ್ಳುವ ವಯಸ್ಸು. ಜೋಳದ ಕಾಳು ನಿಮ್ಮ ಕೈಯಲ್ಲಿರಲಿ, ಕಣ್ಣು ಎಲ್ಲಿ ಬರಬೇಕೆಂದು ಅವಳು ಬೆರಳಿನಿಂದ ಗುರುತು ಮಾಡಿದಲ್ಲಿ ನೀವು ಒತ್ತಿ ಕೊಡಿ.